ಹುಚ್ಚನೆನಿಸಿಕೊಂಡು ರೋಗಿಗಳ ತಂದೆಯಾದ ಸಂತ ಜಾನ್ ಆಫ್ ಗಾಡ್

ಪ್ರತಿ ವರ್ಷ ಮಾರ್ಚ್ 8ರಂದು ನಮ್ಮ ಧರ್ಮಸಭೆ ಸಂತ ಜಾನ್ ಆಫ್ ಗಾಡ್ ಅವರನ್ನು ಸ್ಮರಿಸುತ್ತದೆ. ಆಸ್ಪತ್ರೆಗಳ, ರೋಗಿಗಳ ಹಾಗೂ ದಾದಿಯರ ಪಾಲಕ ಸಂತರೆಂದು ನೀವು ಅವರ ಹೆಸರನ್ನು ಕೇಳಿರುತ್ತೀರಿ. ಶಿಲುಬೆ ಮೂಡಿದ ದಾಳಿಂಬೆ ಹಣ್ಣನ್ನು ಅವರ ಚಿತ್ರಗಳಲ್ಲಿ ನೋಡಿಯೂ ಇರಬಹುದು. ಆದರೆ ಇದೇ ಸಂತರು ಒಂದು ಕಾಲದಲ್ಲಿ ಹುಚ್ಚನೆನಿಸಿಕೊಂಡು ಬೀದಿ ಮಕ್ಕಳಿಂದ ಕಲ್ಲೇಟು ತಿಂದವರು, ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಹಗ್ಗದ ಹೊಡೆತ ತಿಂದವರು ಎಂಬುದು ನಿಮಗೆ ಗೊತ್ತೇ?

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನಾವು ಅದನ್ನು ನೆಂಟರಿಷ್ಟರಿಗೆಲ್ಲ ಹೇಳುತ್ತೇವೆ. ಕಾಲು ಮುರಿದರೆ ಹಣ್ಣುಹಂಪಲು ಹಿಡಿದುಕೊಂಡು ಜನ ನೋಡಲು ಬರುತ್ತಾರೆ. ಆದರೆ ಮನಸ್ಸಿಗೆ ಕಾಯಿಲೆ ಬಂದರೆ? ಆಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಗಳ ಮದುವೆ ನಿಂತುಹೋದೀತೆಂದು ತಾಯಿ ಅಳುತ್ತಾಳೆ. ಜನ ಏನೆಂದಾರು ಎಂದು ತಂದೆ ತಲೆ ತಗ್ಗಿಸುತ್ತಾರೆ. ಕಾಯಿಲೆಯವರು ಒಳಕೋಣೆಯಲ್ಲಿ ಉಳಿದುಬಿಡುತ್ತಾರೆ. ಔಷಧಿಯಿಂದ ರೋಗ ಹತೋಟಿಗೆ ಬಂದ ಮೇಲೂ ಆ ಕೋಣೆಯಿಂದ ಹೊರಗೆ ಕಾಲಿಡುವುದು ಅವರಿಗೆ ಸುಲಭವಲ್ಲ. ಏಕೆಂದರೆ ಹೊರಗೆ ಅವರಿಗಾಗಿ ಕೆಲಸವಿಲ್ಲ, ಜಾಗವಿಲ್ಲ, ಮಾತಾಡಿಸುವವರಿಲ್ಲ.

ಅಂಥ ಕೋಣೆಯಿಂದ ಒಬ್ಬ ಮನುಷ್ಯ ಹೇಗೆ ಹೊರಗೆ ಬಂದ, ಅವನ ಕೈ ಹಿಡಿದವರು ಯಾರು, ಬಂದ ಮೇಲೆ ಅವನು ಎಷ್ಟು ಜನರನ್ನು ಹೊರಗೆ ಕರೆತಂದ ಎಂಬುದೇ ಈ ಸಂತರ ಜೀವನ. ಬನ್ನಿ, ಅದನ್ನು ಒಮ್ಮೆ ನೋಡೋಣ.

ಮನೆ ಬಿಟ್ಟ ಬಾಲಕ

ಯೊವಾನ್ನ ಹುಟ್ಟಿದ್ದು 1495ರಲ್ಲಿ, ಪೋರ್ಚುಗಲ್ ದೇಶದ ಮೊಂತೆಮೋರ್ ಎಂಬ ಊರಿನಲ್ಲಿ. ಮನೆತನದ ಹೆಸರು ಸಿದಾದೆ. ಎಂಟು ವರ್ಷದವನಿದ್ದಾಗ ತಂದೆತಾಯಿಗೆ ತಿಳಿಯದಂತೆ ಅವನು ಮನೆ ಬಿಟ್ಟ. ಮನೆಗೆ ಬಂದಿದ್ದ ಒಬ್ಬ ಗುರುವಿನ ಹಿಂದೆ ಹೋದನೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಅದೇ ಕೊರಗಿನಲ್ಲಿ ಬೇಗನೆ ತೀರಿಕೊಂಡಳು. ತಂದೆ ಸಂತ ಫ್ರಾನ್ಸಿಸರ ಮಠ ಸೇರಿ ಅಲ್ಲೇ ಕಣ್ಣು ಮುಚ್ಚಿದರು. ಇದಾವುದೂ ಯೊವಾನ್ನನಿಗೆ ಎಷ್ಟೋ ವರ್ಷಗಳವರೆಗೆ ತಿಳಿಯಲಿಲ್ಲ.

ಅವನು ಬೆಳೆದದ್ದು ಸ್ಪೇನ್ ದೇಶದ ಓರೊಪೇಸ ಎಂಬಲ್ಲಿ, ಕುರಿ ಕಾಯುತ್ತಾ. ಯೌವನದಲ್ಲಿ ಸೈನ್ಯ ಸೇರಿ ಫ್ರೆಂಚರ ವಿರುದ್ಧದ ಯುದ್ಧಕ್ಕೆ ಹೋದ. ಅಲ್ಲಿ ಕುದುರೆಯಿಂದ ಬಿದ್ದು ಸಾಯುವಷ್ಟು ಪೆಟ್ಟಾಯಿತು. ಬಳಿಕ ಅವನ ಕಾವಲಿನಲ್ಲಿದ್ದ ಸೊತ್ತು ಕಳುವಾದಾಗ ಸೈನ್ಯದ ನಾಯಕ ಅವನನ್ನು ನೇಣಿಗೆ ಹಾಕಲು ಆಜ್ಞೆ ಮಾಡಿದ. ದೊಡ್ಡವರೊಬ್ಬರು ನಡುವೆ ಬಂದು ಬೇಡಿಕೊಂಡದ್ದರಿಂದ ಜೀವ ಉಳಿಯಿತು. ಮತ್ತೆ ಕುರಿಗಳ ಬಳಿಗೆ ಮರಳಿದ. 1532ರಲ್ಲಿ ತುರ್ಕರ ವಿರುದ್ಧ ವಿಯೆನ್ನಾ ನಗರದ ಕಡೆಗೆ ಹೊರಟ ಸೈನ್ಯದಲ್ಲೂ ಅವನಿದ್ದ.

ಆ ದಂಡಯಾತ್ರೆ ಮುಗಿದ ಮೇಲೆ ಯೊವಾನ್ನ ಹುಟ್ಟೂರಿಗೆ ಹೋದ. ಆಗಲೇ ಅವನಿಗೆ ತಾಯಿ ತಂದೆಯರ ಸಾವಿನ ಸುದ್ದಿ ತಿಳಿದದ್ದು. ತನ್ನಿಂದಲೇ ತಾಯಿ ಸತ್ತಳೆಂಬ ನೋವು ಅವನೊಳಗೆ ಕೂತುಬಿಟ್ಟಿತು. ಆಫ್ರಿಕದ ತೀರದ ಸೇವುತ ಪಟ್ಟಣಕ್ಕೆ ಹೋಗಿ, ಅಲ್ಲಿ ಗಡೀಪಾರಾಗಿ ರೋಗದಿಂದ ನರಳುತ್ತಿದ್ದ ಒಂದು ಕುಟುಂಬವನ್ನು ಕೋಟೆ ಕಟ್ಟುವ ಕೂಲಿಯ ಹಣದಿಂದ ಸಾಕಿದ. ಆಮೇಲೆ ಜಿಬ್ರಾಲ್ಟರಿನಲ್ಲಿ ಹೆಗಲ ಮೇಲೆ ಪುಸ್ತಕ, ಸಂತರ ಚಿತ್ರಗಳನ್ನು ಹೊತ್ತು ಮಾರಿದ. ಕೊನೆಗೆ ಸ್ಪೇನಿನ ಗ್ರನಾದ ನಗರಕ್ಕೆ ಬಂದು ಎಲ್ವಿರ ಬಾಗಿಲಿನ ಬಳಿ ಒಂದು ಚಿಕ್ಕ ಪುಸ್ತಕದಂಗಡಿ ಇಟ್ಟ. ಆಗ ಅವನಿಗೆ ನಲವತ್ತು ದಾಟಿತ್ತು. ಹೆಂಡತಿ ಮಕ್ಕಳಿರಲಿಲ್ಲ. ತನ್ನವರೆನ್ನಲು ಊರಿನಲ್ಲಿ ಯಾರೂ ಇರಲಿಲ್ಲ.

ಗಮನಿಸಿ ನೋಡಿ. ಬಾಲ್ಯದಲ್ಲಿ ಮನೆ ತಪ್ಪಿತು, ಯುದ್ಧ ಕಂಡದ್ದಾಯಿತು, ನೇಣಿನ ಹಗ್ಗ ಹತ್ತಿರ ಬಂದು ಹೋಯಿತು, ತಾಯಿಯ ಸಾವಿನ ಭಾರ ಹೆಗಲೇರಿತು, ಜೊತೆಗೆ ಒಂಟಿತನ. ಮನಸ್ಸು ಎಂಬ ಕೊಡ ತುಂಬುತ್ತಾ ತುಂಬುತ್ತಾ ಬಂದಿತ್ತು.

ಸಂತ ಸೆಬಾಸ್ಟಿಯನರ ಹಬ್ಬದ ದಿನ

1530ರ ದಶಕದ ಕೊನೆಯ ಭಾಗ. ಜನವರಿ 20, ಸಂತ ಸೆಬಾಸ್ಟಿಯನರ ಹಬ್ಬ. ಅಂದು ಗ್ರನಾದದಲ್ಲಿ ಪ್ರಸಿದ್ಧ ಬೋಧಕರಾದ ಆವಿಲದ ಯೊವಾನ್ನರ ಪ್ರಬೋಧನೆ ಇತ್ತು. ಅದನ್ನು ಕೇಳುತ್ತಾ ನಿಂತಿದ್ದ ಪುಸ್ತಕದ ವ್ಯಾಪಾರಿ ದೊಡ್ಡ ದನಿಯಲ್ಲಿ ದೇವರ ಕರುಣೆಗಾಗಿ ಕೂಗಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ. ಗಡ್ಡ, ಹುಬ್ಬು, ತಲೆಗೂದಲು ಕಿತ್ತುಕೊಂಡ. ಅಂಗಡಿಗೆ ಓಡಿ ಹೋಗಿ ಲೌಕಿಕ ಪುಸ್ತಕಗಳನ್ನು ಹರಿದು ಹಾಕಿದ. ಭಕ್ತಿಯ ಪುಸ್ತಕಗಳನ್ನು ಸಿಕ್ಕಿದವರಿಗೆ ಹಂಚಿದ. ಮೈಮೇಲಿನ ಬಟ್ಟೆಯನ್ನೂ ಕೊಟ್ಟುಬಿಟ್ಟು ಬೀದಿ ಬೀದಿ ಅಲೆದ, ಕೆಸರಿನಲ್ಲಿ ಹೊರಳಿದ. ಹುಡುಗರು ಹಿಂದೆ ಬಿದ್ದು ಕಲ್ಲು, ಮಣ್ಣು ಎಸೆದರು. ದೊಡ್ಡವರು ನಕ್ಕರು.

ಇದು ನಿಜವಾದ ಚಿತ್ತಭ್ರಮೆಯೋ, ಪಶ್ಚಾತ್ತಾಪದ ತೀವ್ರತೆಯೋ, ಅಥವಾ ಅವಮಾನಕ್ಕೆ ಗುರಿಯಾಗಲೆಂದೇ ಆಡಿದ ಆಟವೋ? ನಾಲ್ಕುನೂರಕ್ಕೂ ಹೆಚ್ಚು ವರ್ಷಗಳಿಂದ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಬಂದಿವೆ. ಹಳೆಯ ಚರಿತ್ರೆಕಾರರು ಅದನ್ನು ಭಕ್ತಿಯ ಹುಚ್ಚೆಂದರು. ಇತ್ತೀಚಿನವರಲ್ಲಿ ಹಲವರು ಅದನ್ನು ನೊಂದ ಮನಸ್ಸಿನ ಕುಸಿತವೆಂದೇ ನೋಡುತ್ತಾರೆ. ಯಾವುದೇ ಇರಲಿ, ಗ್ರನಾದದ ಜನರ ಕಣ್ಣಿಗೆ ಅವನು ಹುಚ್ಚ. ಹುಚ್ಚನಿಗೆ ಆ ಕಾಲ ಏನು ಕೊಡುತ್ತಿತ್ತೋ ಅದೇ ಅವನಿಗೂ ಸಿಕ್ಕಿತು.

ಕನಿಕರಪಟ್ಟ ಇಬ್ಬರು ಅವನನ್ನು ನಗರದ ರಾಜ ಆಸ್ಪತ್ರೆಗೆ ಸೇರಿಸಿದರು. ಮನೋರೋಗಿಗಳಿಗೆ ಅಲ್ಲೊಂದು ವಿಭಾಗವಿತ್ತು. ದೆವ್ವ ಹಿಡಿದಂತೆ ಆಡುವವನ ಬುದ್ಧಿ ನೋವಿನಿಂದ ಸರಿಹೋಗುತ್ತದೆಂದು ಆಗಿನವರ ನಂಬಿಕೆ. ಆದ್ದರಿಂದ ಕೈಕಾಲು ಕಟ್ಟಿ, ಗಂಟು ಹಾಕಿದ ಹಗ್ಗದಿಂದ ಹೊಡೆಯುವುದೇ ಚಿಕಿತ್ಸೆ. ಯೊವಾನ್ನ ತನ್ನ ಹೊಡೆತವನ್ನು ಸಹಿಸಿಕೊಂಡ. ಆದರೆ ಪಕ್ಕದವರನ್ನು ಹೊಡೆಯುವಾಗ ಸುಮ್ಮನಿರಲಿಲ್ಲ. ಈ ಬಡವರು ದೇವರ ಮನೆಯಲ್ಲಿರುವ ನಿಮ್ಮದೇ ಸಹೋದರರಲ್ಲವೇ, ಇವರಿಗೆ ಕರುಣೆ ತೋರಿಸಬಾರದೇ ಎಂದು ಕಾವಲಿನವರನ್ನು ಗದರಿಸಿದ. ಅದಕ್ಕೆ ಪ್ರತಿಫಲವಾಗಿ ಇನ್ನಷ್ಟು ಹೊಡೆತ ಬಿತ್ತು.

ಎದ್ದು ನಿಂತದ್ದು ಹೇಗೆ?

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಂತು ನೋಡಿ. ಯೊವಾನ್ನರನ್ನು ಹೊಡೆತ ಗುಣಪಡಿಸಲಿಲ್ಲ. ಹಾಗಾದರೆ ಯಾವುದು ಗುಣಪಡಿಸಿತು?

ಮೊದಲನೆಯದಾಗಿ, ಅವರನ್ನು ಮರೆಯದ ಒಬ್ಬರಿದ್ದರು. ತಮ್ಮ ಪ್ರಬೋಧನೆ ಕೇಳಿ ಒಬ್ಬ ಮನುಷ್ಯ ಹೀಗಾದನೆಂದು ತಿಳಿದ ಆವಿಲದ ಯೊವಾನ್ನರು ಕೈತೊಳೆದುಕೊಳ್ಳಲಿಲ್ಲ. ಆಸ್ಪತ್ರೆಗೆ ವಿಚಾರಿಸಿಕೊಳ್ಳಲು ಜನ ಕಳಿಸಿದರು, ಸಮಾಧಾನ ಹೇಳಿದರು, ಮುಂದೆಯೂ ಜೀವನಪೂರ್ತಿ ಅವರಿಗೆ ಆತ್ಮಿಕ ಮಾರ್ಗದರ್ಶಕರಾಗಿ ಉಳಿದರು. ಅತಿಯಾದ ದಂಡನೆ, ಅಲೆದಾಟ ಬಿಟ್ಟು ನೆಲೆ ನಿಂತು ಸೇವೆ ಮಾಡಬೇಕೆಂಬ ದಾರಿ ತೋರಿಸಿದರು. ಮುಂದೆ ಈ ಆವಿಲದ ಯೊವಾನ್ನರೂ ಸಂತರಾದರು. 2012ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವೂ ಅವರಿಗೆ ಸಂದಿತು.

ಎರಡನೆಯದಾಗಿ, ಯೊವಾನ್ನರ ಕೈಗೆ ಕೆಲಸ ಸಿಕ್ಕಿತು. ಮನಸ್ಸು ಶಾಂತವಾದಂತೆ ಆಸ್ಪತ್ರೆಯವರು ಕಟ್ಟು ಬಿಚ್ಚಿ, ಕಸ ಗುಡಿಸುವ, ರೋಗಿಗಳನ್ನು ತೊಳೆಯುವ ಕೆಲಸಕ್ಕೆ ಬಿಟ್ಟರು. ನಿನ್ನೆಯವರೆಗೆ ಕಟ್ಟಿನಲ್ಲಿದ್ದ ಮನುಷ್ಯ ಇಂದು ಪಕ್ಕದ ರೋಗಿಗೆ ನೀರು ಕೊಡುವವನಾದ. ತನ್ನಿಂದಲೂ ಒಬ್ಬರಿಗೆ ಉಪಯೋಗವಿದೆ ಎಂಬ ತಿಳಿವು ಮನುಷ್ಯನನ್ನು ಎಷ್ಟು ಎತ್ತಿ ನಿಲ್ಲಿಸುತ್ತದೆ ಎಂಬುದನ್ನು ಕಾಯಿಲೆಯಿಂದ ಎದ್ದವರೇ ಬಲ್ಲರು. ರೋಗಿಗಳನ್ನು ಪ್ರೀತಿಯಿಂದ ನೋಡಿಕೊಳ್ಳುವ ಒಂದು ಮನೆ ತನ್ನದಾಗಬೇಕೆಂಬ ಆಸೆ ಅವರಲ್ಲಿ ಹುಟ್ಟಿದ್ದು ಅಲ್ಲೇ, ಆ ಹುಚ್ಚಾಸ್ಪತ್ರೆಯ ನೆಲ ಗುಡಿಸುವಾಗ.

ಬಿಡುಗಡೆಯಾದ ಮೇಲೆ ಯೊವಾನ್ನರು ಗ್ವಾದಲೂಪೆಯ ಮಾತೆಯ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋದರು. ಆನಂತರ ಗ್ರನಾದಕ್ಕೇ ಮರಳಿದರು. ತಮ್ಮನ್ನು ಕಲ್ಲು ಹೊಡೆದು ಅಟ್ಟಿದ ಊರಿಗೇ ಮರಳಿ ಬರುವುದು ಎಷ್ಟು ಕಷ್ಟವೆಂದು ಯೋಚಿಸಿ. ಬೆಟ್ಟದಿಂದ ಸೌದೆ ಹೊರೆ ತಂದು ಮಾರಿ ಬದುಕಬೇಕೆಂದುಕೊಂಡರು. ಮೊದಲ ದಿನ ಊರಬಾಗಿಲಿನವರೆಗೆ ಬಂದವರಿಗೆ ನಾಚಿಕೆ ಅಡ್ಡ ಬಂತು. ಎಲ್ಲರ ಕಣ್ಣೆದುರು ಪೇಟೆಯೊಳಗೆ ಕಾಲಿಡಲು ಆಗಲಿಲ್ಲ. ಹೊರೆಯನ್ನು ಒಬ್ಬ ಬಡ ವಿಧವೆಗೆ ಕೊಟ್ಟು ಹಿಂತಿರುಗಿದರು. ಮರುದಿನ ಧೈರ್ಯ ಮಾಡಿ ಹೊರೆ ಹೊತ್ತು ಚೌಕದ ನಡುವೆಯೇ ನಿಂತರು. ಜನ ಗುರುತು ಹಿಡಿದರು, ಹಾಸ್ಯ ಮಾಡಿದರು. ಅವರೂ ನಗುನಗುತ್ತಲೇ ಉತ್ತರ ಕೊಟ್ಟರು. ಹೀಗೆ ದಿನಗಳು ಕಳೆದವು. ಹಾಸ್ಯ ಕಡಿಮೆಯಾಯಿತು, ಸೌದೆ ಕೊಳ್ಳುವವರು ಹೆಚ್ಚಿದರು. ಬಂದ ಕಾಸಿನಲ್ಲಿ ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬೀದಿಯಲ್ಲಿ ಮಲಗುವ ಬಡವರಿಗೆ ಕೊಟ್ಟರು.

ಮನೋರೋಗದಿಂದ ಚೇತರಿಸಿಕೊಂಡವರಿಗೆ ಈ ಊರಬಾಗಿಲಿನ ನಾಚಿಕೆ ಏನೆಂದು ಚೆನ್ನಾಗಿ ಗೊತ್ತು. ಮೊದಲ ಸಲ ಮತ್ತೆ ಪೂಜೆಗೆ ಹೋಗುವುದು, ಮತ್ತೆ ಅಂಗಡಿಗೆ ಹೋಗುವುದು, ಮತ್ತೆ ಕೆಲಸಕ್ಕೆ ಹೋಗುವುದು, ಇವೆಲ್ಲ ಅವರಿಗೆ ಆ ಚೌಕಕ್ಕೆ ಸೌದೆ ಹೊತ್ತ ಹಾಗೆಯೇ. ಆ ದಿನ ಸೌದೆ ಕೊಳ್ಳುವ ಒಬ್ಬರು ಎದುರು ಸಿಗುತ್ತಾರೋ, ಹಾಸ್ಯ ಮಾಡುವ ಹತ್ತು ಜನ ಸಿಗುತ್ತಾರೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಚಾಪೆಗಳ ಆಸ್ಪತ್ರೆ

ಸುಮಾರು 1539ರ ಹೊತ್ತಿಗೆ ಯೊವಾನ್ನರು ಒಂದು ಚಿಕ್ಕ ಮನೆಯನ್ನು ಬಾಡಿಗೆಗೆ ಹಿಡಿದರು. ನೆಲದ ಮೇಲೆ ಹಾಸಲು ಚಾಪೆ, ಹೊದೆಯಲು ಹಳೆಯ ಕಂಬಳಿ. ಅಷ್ಟೇ ಅವರ ಆಸ್ಪತ್ರೆ. ಬೀದಿಯಲ್ಲಿ ಬಿದ್ದವರನ್ನು ಹೆಗಲ ಮೇಲೆ ಹೊತ್ತು ತಂದರು. ಕಾಲು ತೊಳೆದರು, ಊಟ ಕೊಟ್ಟರು, ಪಾಪನಿವೇದನೆಗೆ ಗುರುಗಳನ್ನು ಕರೆತಂದರು. ರಾತ್ರಿಯಾದರೆ ಬೆನ್ನಿಗೆ ಬುಟ್ಟಿ, ಹಗ್ಗದಲ್ಲಿ ನೇತುಹಾಕಿದ ಎರಡು ಪಾತ್ರೆ ಹಿಡಿದು ಭಿಕ್ಷೆಗೆ ಹೊರಡುತ್ತಿದ್ದರು. ಮಳೆಯಿರಲಿ, ಚಳಿಯಿರಲಿ ಅವರ ಕೂಗು ಬೀದಿಯಲ್ಲಿ ಕೇಳುತ್ತಿತ್ತು. ಬಡವರಿಗೆ ಕೊಡುವವರು ತಮಗೆ ತಾವೇ ಒಳ್ಳೆಯದು ಮಾಡಿಕೊಳ್ಳುತ್ತಾರೆ ಎಂಬುದೇ ಆ ಕೂಗಿನ ಅರ್ಥ. ಈ ಕೂಗಿನಿಂದಲೇ ಇಟಲಿಯಲ್ಲಿ ಅವರ ಸಭೆಗೆ ಫಾತೆಬೆನೆಫ್ರಾತೆಲ್ಲಿ ಎಂಬ ಹೆಸರು ಬಂತು. ಒಳ್ಳೆಯದು ಮಾಡಿ ಸಹೋದರರೇ ಎಂದು ಅದರ ಅರ್ಥ.

ಊರಿನವರು ಬಾಗಿಲು ತೆರೆದರು. ಒಬ್ಬರು ರೊಟ್ಟಿ ಕೊಟ್ಟರು, ಒಬ್ಬರು ಹಳೆಯ ಬಟ್ಟೆ ಕೊಟ್ಟರು. ವೈದ್ಯರು ಬಂದರು, ಗುರುಗಳು ಬಂದರು, ಸಹಾಯಕ್ಕೆ ಯುವಕರು ಬಂದರು. ಒಂದು ಕಾಲಕ್ಕೆ ಹುಚ್ಚನೆಂದು ಅಟ್ಟಿದ ಊರೇ ಅವರ ಆಸ್ಪತ್ರೆಗೆ ಆಧಾರವಾಯಿತು.

ಈ ಸಮಯದಲ್ಲೇ ಒಂದು ಮುಖ್ಯ ಘಟನೆ ನಡೆಯಿತು. ಗ್ರನಾದದ ಉಚ್ಚ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು ತುಯ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದ ಸೆಬಾಸ್ಟಿಯನ್ ರಮೀರೆಸ್. ಅವರು ಯೊವಾನ್ನರನ್ನು ಊಟಕ್ಕೆ ಕರೆದು ಹೆಸರು ವಿಚಾರಿಸಿ, ಇನ್ನು ಮುಂದೆ ನೀನು ದೇವರ ಯೊವಾನ್ನ ಎಂದು ಕರೆಸಿಕೊಳ್ಳಬೇಕೆಂದು ಹೇಳಿದರು. ಕಂಡ ಭಿಕ್ಷುಕನೊಡನೆಲ್ಲ ಬಟ್ಟೆ ಬದಲಾಯಿಸಿಕೊಂಡು ಚಿಂದಿಯಲ್ಲೇ ಇರುತ್ತಿದ್ದ ಅವರಿಗೆ ಸಾದಾ ಉಡುಪೊಂದನ್ನು ಕೊಟ್ಟು, ಇದನ್ನು ಯಾರಿಗೂ ಬಿಟ್ಟುಕೊಡಬೇಡ ಎಂದು ಕಟ್ಟಪ್ಪಣೆ ಮಾಡಿದರು. ಹುಚ್ಚನೆಂಬ ಹೆಸರು ಹೋಗಿ ಹೊಸ ಹೆಸರು ಬಂತು. ಚಿಂದಿ ಹೋಗಿ ಮರ್ಯಾದೆಯ ಬಟ್ಟೆ ಬಂತು. ನಾವು ಒಬ್ಬರನ್ನು ಯಾವ ಹೆಸರಿನಿಂದ ಕರೆಯುತ್ತೇವೆಂಬುದು ಸಣ್ಣ ಸಂಗತಿಯಲ್ಲ, ಅಲ್ಲವೇ?

ಮನೆ ಸಾಲದಾದಾಗ ಯೊವಾನ್ನರು ಗೋಮೆರೆಸ್ ಏರಿನಲ್ಲಿದ್ದ ದೊಡ್ಡ ಕಟ್ಟಡಕ್ಕೆ ಹೋದರು. ಅವರು ಬರೆಸಿದ ಆರು ಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲೊಂದರಲ್ಲಿ ತಮ್ಮ ಮನೆಯಲ್ಲಿರುವವರನ್ನು ಅವರು ಎಣಿಸುತ್ತಾರೆ. ಕೈಕಾಲಿಲ್ಲದವರು, ಕುಷ್ಠರೋಗಿಗಳು, ಮೂಕರು, ಪಾರ್ಶ್ವವಾಯು ಬಡಿದವರು, ಮುದುಕರು, ಮಕ್ಕಳು. ಅವರ ಜೊತೆಯಲ್ಲೇ ಬುದ್ಧಿ ಸ್ವಾಧೀನದಲ್ಲಿಲ್ಲದವರು. ಒಟ್ಟು 110ಕ್ಕೂ ಹೆಚ್ಚು ಜನ. ಸಾಲ ಎಷ್ಟಿತ್ತೆಂದರೆ ಸಾಲಗಾರರ ಭಯದಿಂದ ಹೊರಗೆ ಹೋಗಲೂ ಹಿಂಜರಿಯುವಂತಾಗಿತ್ತು. 1548ರಲ್ಲಿ ರಾಜಕುಮಾರ ಫಿಲಿಪರ ಸಹಾಯ ಬೇಡಲು ವಯ್ಯದೊಲಿದ್ ನಗರದವರೆಗೂ ಹೋಗಿಬಂದರು.

ಗೋಡೆಯಾಚೆಯ ಸೇವೆ

ಯೊವಾನ್ನರ ಸೇವೆ ಆಸ್ಪತ್ರೆಯ ಗೋಡೆಯೊಳಗೆ ಮುಗಿಯುತ್ತಿರಲಿಲ್ಲ. ಬೇಡಲು ನಾಚುವ ಬಡ ಕುಟುಂಬಗಳ ಮನೆಗೆ ಅವರೇ ಹೋಗುತ್ತಿದ್ದರು. ವಿಧವೆಯರನ್ನು, ಅನಾಥರನ್ನು, ಕೆಲಸವಿಲ್ಲದವರನ್ನು ವಿಚಾರಿಸುತ್ತಿದ್ದರು. ಬರೀ ಕಾಸು ಕೊಟ್ಟು ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ನೂಲಲು ನಾರು, ಕೆಲಸ ಮಾಡಲು ರೇಷ್ಮೆ ತಂದುಕೊಟ್ಟು ದುಡಿದು ಉಣ್ಣುವಂತೆ ಮಾಡುತ್ತಿದ್ದರು. ಶುಕ್ರವಾರಗಳಂದು ವೇಶ್ಯಾಗೃಹಗಳಿಗೆ ಹೋಗಿ, ಆ ಬದುಕು ಬಿಡಲು ಒಪ್ಪಿದವರಿಗೆ ಚಿಕಿತ್ಸೆ ಮಾಡಿಸಿ, ವರದಕ್ಷಿಣೆ ಕೂಡಿಸಿ ಮದುವೆ ಮಾಡಿಸಿದರು. ಇಂದು ನಾವು ಪುನರ್ವಸತಿ ಎಂದು ಕರೆಯುವುದು ಇದನ್ನೇ ತಾನೇ?

ಅವರ ಮೊದಲ ಸಂಗಡಿಗರನ್ನು ನೋಡಿ. ಆಂತೋನ್ ಮಾರ್ತಿನ್ ಎಂಬಾತ ತನ್ನ ಸಹೋದರನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಗ್ರನಾದಕ್ಕೆ ಬಂದಿದ್ದ. ಕೊಲೆಯ ಆಪಾದನೆ ಹೊತ್ತವನು ಪೇದ್ರೊ ವೆಲಾಸ್ಕೊ. ಯೊವಾನ್ನರು ಇಬ್ಬರನ್ನೂ ರಾಜಿ ಮಾಡಿಸಿದರು. ಆ ಇಬ್ಬರು ಶತ್ರುಗಳೂ ಒಂದೇ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ನಿಂತರು. ಸಮಾಜ ಬೇಡವೆಂದವರೇ ಯೊವಾನ್ನರಿಗೆ ಬೇಕಾದವರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಅಲೆಮಾರಿಗಳನ್ನೂ ಕೆಟ್ಟ ನಡತೆಯವರನ್ನೂ ಆಸ್ಪತ್ರೆಯಲ್ಲಿ ತುಂಬಿಕೊಂಡಿದ್ದಾನೆಂದು ಮಹಾಧರ್ಮಾಧ್ಯಕ್ಷರಿಗೆ ದೂರು ಹೋಯಿತು. ತಮ್ಮ ಮನೆಯಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾವ ಕೆಟ್ಟವರೂ ತಮಗೆ ಗೊತ್ತಿಲ್ಲವೆಂದು ಯೊವಾನ್ನರು ವಿನಯದಿಂದ ಹೇಳಿದರು. ಅದನ್ನು ಕೇಳಿದ ಮೇಲೆ ಮಹಾಧರ್ಮಾಧ್ಯಕ್ಷರು ಅವರ ವಿಷಯ ಅವರಿಗೇ ಬಿಟ್ಟರು.

ಬೆಂಕಿ ಬಿದ್ದ ದಿನ

1549ರ ಜುಲೈ 3ರಂದು ರಾಜ ಆಸ್ಪತ್ರೆಗೆ ಬೆಂಕಿ ಬಿತ್ತು. ಹೌದು, ಯೊವಾನ್ನರನ್ನು ಕಟ್ಟಿ ಹೊಡೆದಿದ್ದ ಅದೇ ಆಸ್ಪತ್ರೆ. ಸುದ್ದಿ ಕೇಳಿ ಓಡಿಬಂದ ಅವರು ಬೆಂಕಿಯೊಳಗೆ ನುಗ್ಗಿ ರೋಗಿಗಳನ್ನು ಒಬ್ಬೊಬ್ಬರಾಗಿ ಹೊರತಂದರು. ನಡೆಯಬಲ್ಲವರ ಕೈಹಿಡಿದು ನಡೆಸಿದರು, ನಡೆಯಲಾಗದವರನ್ನು ಹೊತ್ತು ತಂದರು. ಮತ್ತೆ ಒಳಗೆ ಹೋಗಿ ಹಾಸಿಗೆ, ಕಂಬಳಿಗಳನ್ನು ಕಿಟಕಿಯಿಂದ ಹೊರಗೆಸೆದರು. ಸತ್ತೇಹೋದರೆಂದು ಜನ ಅಂದುಕೊಂಡಾಗ ಹೊಗೆಯ ನಡುವಿನಿಂದ ಹುಬ್ಬು ಸುಟ್ಟುಕೊಂಡು ಹೊರಬಂದರು. ತಮಗೆ ನೋವು ಕೊಟ್ಟ ಗೋಡೆಗಳ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಒಳಗಿದ್ದವರು ಅವರಿಗೆ ತಮ್ಮವರೇ ಆಗಿದ್ದರು.

ಮರುವರ್ಷದ ಚಳಿಗಾಲದಲ್ಲಿ ಹೆನಿಲ್ ನದಿಗೆ ಪ್ರವಾಹ ಬಂತು. ತೇಲಿಬಂದ ಸೌದೆಯನ್ನು ಬಡವರಿಗಾಗಿ ಕೂಡಿಸಲು ಅವರು ಹೋಗಿದ್ದರು. ಹುಡುಗನೊಬ್ಬ ನೀರಿಗೆ ಬಿದ್ದಾಗ ಅವನನ್ನು ಹಿಡಿಯಲು ತಾವೂ ಇಳಿದರು. ಮೊದಲೇ ದಣಿದಿದ್ದ ದೇಹ ಆ ಚಳಿಯನ್ನು ತಡೆದುಕೊಳ್ಳಲಿಲ್ಲ. ತಮ್ಮ ಆಸ್ಪತ್ರೆಯಲ್ಲಿ ಭಿಕ್ಷೆಯ ಬುಟ್ಟಿಯನ್ನೇ ತಲೆದಿಂಬಾಗಿಟ್ಟುಕೊಂಡು ಹಲಗೆಯ ಮೇಲೆ ಮಲಗಿದ್ದ ಅವರನ್ನು ಆನಾ ಓಸೊರಿಯೊ ಎಂಬ ಗೃಹಿಣಿ ತಮ್ಮ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಮಹಾಧರ್ಮಾಧ್ಯಕ್ಷ ಪೇದ್ರೊ ಗೆರೆರೊ ಬಂದು ಸಂಸ್ಕಾರಗಳನ್ನು ಕೊಟ್ಟರು, ಸಾಲದ ಹೊಣೆಯನ್ನೂ ಬಡವರ ಹೊಣೆಯನ್ನೂ ತಾವು ಹೊತ್ತರು. ಆಸ್ಪತ್ರೆಯನ್ನು ಆಂತೋನ್ ಮಾರ್ತಿನ್ನರ ಕೈಗೆ ಒಪ್ಪಿಸಿ, 1550ರ ಮಾರ್ಚ್ 8ರಂದು ಯೊವಾನ್ನರು ಹಾಸಿಗೆಯಿಂದ ಎದ್ದು ಮೊಣಕಾಲೂರಿ ಪ್ರಾರ್ಥಿಸುತ್ತಲೇ ಪ್ರಾಣಬಿಟ್ಟರು. ಅವರಿಗೆ 55 ವರ್ಷ. ಎಂಟು ವರ್ಷಕ್ಕೆ ಮನೆ ಕಳೆದುಕೊಂಡವರು ಕೊನೆಗೆ ಒಂದು ಕುಟುಂಬದ ಮನೆಯಲ್ಲಿ, ತಮ್ಮವರ ನಡುವೆ ಕಣ್ಮುಚ್ಚಿದರು. ಇಡೀ ನಗರ ಅವರ ಶವಯಾತ್ರೆಗೆ ಬಂದಿತ್ತು.

ಅವರ ಸಹೋದರರ ಕೂಟಕ್ಕೆ 1572ರಲ್ಲಿ ಪೋಪ್ ಐದನೇ ಪಿಯುಸ್ ಅವರು ಮಾನ್ಯತೆ ಕೊಟ್ಟರು. 1690ರಲ್ಲಿ ಪೋಪ್ ಎಂಟನೇ ಅಲೆಕ್ಸಾಂಡರ್ ಅವರು ಯೊವಾನ್ನರಿಗೆ ಸಂತ ಪದವಿ ನೀಡಿದರು. ಮನೋರೋಗಿಗಳ ಆರೈಕೆ ಮೊದಲಿನಿಂದಲೂ ಈ ಸಭೆಯ ಮುಖ್ಯ ಸೇವೆಗಳಲ್ಲೊಂದು. ಇಂದು ಸಭೆಯ ಸಹೋದರರು ಜಗತ್ತಿನ ಹಲವಾರು ದೇಶಗಳಲ್ಲಿದ್ದಾರೆ. ನಮ್ಮ ನೆರೆಯ ಕೇರಳದ ಕಟ್ಟಪ್ಪನದಲ್ಲಿ 1960ರ ದಶಕದ ಕೊನೆಯಲ್ಲಿ ಅವರ ಸೇವೆ ಆರಂಭವಾಯಿತು.

ನಮ್ಮ ಮನೆ, ನಮ್ಮ ಧರ್ಮಕೇಂದ್ರ

ಪ್ರಿಯ ಓದುಗರೇ, ಕಾಲ ಬದಲಾಗಿದೆ. ಮನಸ್ಸಿನ ಕಾಯಿಲೆಗೆ ಇಂದು ಒಳ್ಳೆಯ ಔಷಧಿಗಳಿವೆ. ಹೊಡೆತ ಚಿಕಿತ್ಸೆಯಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಔಷಧಿಯೊಂದೇ ಸಾಲದು ಎಂಬುದನ್ನೂ ವೈದ್ಯರು ಕಂಡುಕೊಂಡಿದ್ದಾರೆ. ರೋಗಿ ತನ್ನ ಊರಿನಲ್ಲೇ, ತನ್ನ ಜನರ ನಡುವೆಯೇ, ಏನಾದರೊಂದು ಕೆಲಸ ಮಾಡಿಕೊಂಡು ಇದ್ದರೆ ಚೇತರಿಕೆಗೆ ಬಲ ಬರುತ್ತದೆ. ಬೆಲ್ಜಿಯಂ ದೇಶದ ಹೇಲ್ ಎಂಬ ಊರಿನಲ್ಲಿ, ಸಂತ ದಿಂಫ್ನಾ ಅವರ ದೇವಾಲಯದ ಸುತ್ತಮುತ್ತ, ಸಾಮಾನ್ಯ ಕುಟುಂಬಗಳು ಮನೋರೋಗಿಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಮನೆಯವರಂತೆ ನೋಡಿಕೊಳ್ಳುವ ಪದ್ಧತಿ ಎಷ್ಟೋ ಶತಮಾನಗಳಿಂದ ನಡೆದುಬಂದಿದೆ.

ನಮ್ಮ ಕರ್ನಾಟಕವೂ ಈ ದಾರಿಯಲ್ಲಿ ಮುಂದೆ ನಡೆದ ನಾಡು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲೇ ಹತ್ತಿರದ ಸಕಲವಾರ ಗ್ರಾಮದಲ್ಲಿ ಸಮುದಾಯ ಕೇಂದ್ರ ಇಟ್ಟುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗಿಗಳನ್ನು ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಗೆ ಹರಡಿ ನೋಡಲಾಯಿತು. ಆ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನೋರೋಗಿಗೂ ಸಮಾಜದ ನಡುವೆ ಬಾಳುವ ಹಕ್ಕಿದೆ, ಮನೆಯವರು ಬೇಡವೆಂದರು ಎಂಬ ಕಾರಣಕ್ಕೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಬಿಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಹೇಳುತ್ತದೆ. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಗಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಆದರೆ ಕಾಯಿದೆ ಬಂದು ನಿಮ್ಮ ನೆರೆಮನೆಯ ಬಾಗಿಲು ತಟ್ಟುವುದಿಲ್ಲ. ಅದನ್ನು ತಟ್ಟಬೇಕಾದವರು ನೀವು. ನಿಮ್ಮ ಧರ್ಮಕೇಂದ್ರದಲ್ಲಿ ಮನಸ್ಸಿನ ಕಾಯಿಲೆಯಿಂದ ಎದ್ದುಬಂದವರು ಯಾರಾದರೂ ಇದ್ದರೆ ಅವರನ್ನು ಹೆಸರು ಹಿಡಿದು ಮಾತಾಡಿಸಿ. ಹಬ್ಬದ ಊಟಕ್ಕೆ ಕರೆಯಿರಿ. ಗಾಯನವೃಂದದಲ್ಲೋ, ದೇವಾಲಯದ ಅಲಂಕಾರದಲ್ಲೋ ಅವರಿಗೂ ಒಂದು ಕೆಲಸ ಕೊಡಿ. ಅಂಗಡಿ, ತೋಟ, ಗಿರಣಿ ಇಟ್ಟವರು ಅರ್ಧ ದಿನದ ಕೆಲಸವನ್ನಾದರೂ ಕೊಟ್ಟು ನೋಡಿ. ಒಮ್ಮೆ ತಡವಾಗಿ ಬಂದರೆ, ಒಮ್ಮೆ ಕೆಲಸ ಕೆಟ್ಟರೆ ಕೂಡಲೇ ಕಾಯಿಲೆಯ ಮಾತು ಎತ್ತಬೇಡಿ. ಎಲ್ಲರಿಗೂ ಹಾಗಾಗುತ್ತದೆ.

ಮನೆಯವರಿಗೂ ಒಂದು ಮಾತು. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬೇಡಿ. ದೆವ್ವ ಹಿಡಿದಿದೆಯೆಂದು ಕಟ್ಟಬೇಡಿ, ಹೊಡೆಯಬೇಡಿ. ಗ್ರನಾದದ ಆಸ್ಪತ್ರೆ ಮಾಡಿದ ತಪ್ಪನ್ನು ಸುಮಾರು ಐನೂರು ವರ್ಷಗಳ ನಂತರ ನಮ್ಮ ಮನೆಯಲ್ಲಿ ಮಾಡುವುದು ಬೇಡ. ನೀವೇ ದಣಿದಿದ್ದರೆ ಅದನ್ನು ಮುಚ್ಚಿಡಬೇಡಿ. ವೈದ್ಯರಿಗೆ ಹೇಳಿ, ಗುರುಗಳಿಗೆ ಹೇಳಿ, ನಂಬಿಕಸ್ಥ ನೆರೆಯವರಿಗೆ ಹೇಳಿ. ಯೊವಾನ್ನರ ಆಸ್ಪತ್ರೆಯನ್ನೂ ಯೊವಾನ್ನರೊಬ್ಬರೇ ನಡೆಸಲಿಲ್ಲ. ಊರೆಲ್ಲ ಸೇರಿ ರೊಟ್ಟಿ ಕೊಟ್ಟದ್ದರಿಂದ ಅದು ನಡೆಯಿತು.

ಕಾಯಿಲೆಯ ಕತ್ತಲಿನಲ್ಲಿರುವ ಸಹೋದರ ಸಹೋದರಿಯರೇ, ಇದನ್ನು ಓದುತ್ತಿರುವ ನಿಮಗೂ ಈ ಸಂತರು ದೂರದವರಲ್ಲ. ಅವರೂ ಊರಬಾಗಿಲಿನಲ್ಲಿ ನಾಚಿ ಒಂದು ದಿನ ಹಿಂತಿರುಗಿದವರೇ. ನೀವು ಇಂದು ಹಿಂತಿರುಗಿದ್ದರೆ ಚಿಂತೆಯಿಲ್ಲ, ನಾಳೆ ಮತ್ತೆ ಹೊರೆ ಹೊತ್ತು ನೋಡಿ. ಆ ದಿನ ನಿಮ್ಮಿಂದ ಸೌದೆ ಕೊಳ್ಳಲು ನಮ್ಮಲ್ಲಿ ಒಬ್ಬರಾದರೂ ಚೌಕದಲ್ಲಿ ನಿಂತಿರುವಂತೆ ಸಂತ ಜಾನ್ ಆಫ್ ಗಾಡ್ ನಮಗಾಗಿ ಪ್ರಾರ್ಥಿಸಲಿ.